ಫ್ಲೈಬೇಸ್ ಬಳಸುವ ಕ್ರಮ: ಹಣ್ಣುನೊಣದ ಒಂದು ವಂಶವಾಹಿಯ ಬೆನ್ನು ಹತ್ತಿ

ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬರ ಮೇಜಿನ ಮೇಲೆ ಎರಡು ಸಂಶೋಧನಾ ಪ್ರಬಂಧಗಳಿವೆ ಎಂದುಕೊಳ್ಳೋಣ. ಒಂದು ‘ಕೊಮಾಟೋಸ್’ ಎಂಬ ವಂಶವಾಹಿಯ ವಿಚಾರ ಹೇಳುತ್ತದೆ, ಇನ್ನೊಂದು ‘ಡಿಎನ್‌ಎಸ್‌ಎಫ್1’ ಎಂಬುದರ ವಿಚಾರ. ಎರಡನ್ನೂ ಬೇರೆಬೇರೆಯೆಂದು ಭಾವಿಸಿ ಒಂದನ್ನು ಬದಿಗಿಟ್ಟರೆ ಆ ವಿದ್ಯಾರ್ಥಿಗೆ ತಾನು ಓದಬೇಕಾದದ್ದರಲ್ಲಿ ಅರ್ಧ ತಪ್ಪಿಹೋಗುತ್ತದೆ, ಏಕೆಂದರೆ ಇವು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಹಣ್ಣುನೊಣದ ಒಂದೇ ವಂಶವಾಹಿಯ ಎರಡು ಹೆಸರುಗಳು. ಉಷ್ಣಾಂಶ ಏರಿಸಿದೊಡನೆ ನಿಶ್ಚಲವಾಗಿ ಬೀಳುವ, ಮತ್ತೆ ತಂಪಿಗೆ ತಂದರೂ ಬೇಗ ಚೇತರಿಸಿಕೊಳ್ಳದ ನೊಣಗಳನ್ನು 1976ರಲ್ಲಿ ಒಬೈದ್ ಸಿದ್ದಿಕಿ ಮತ್ತು ಸೀಮೋರ್ ಬೆಂಜರ್ ವರದಿ ಮಾಡಿದರು. ಗಾಢ ಪ್ರಜ್ಞಾಹೀನತೆಯಂತೆ ಕಂಡ ಆ ಸ್ಥಿತಿಯಿಂದಲೇ ‘ಕೊಮಾಟೋಸ್’ ಎಂಬ ಹೆಸರು ಬಂದಿತು. ಸಿದ್ದಿಕಿಯವರು ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂದು ಕರೆಯಲಾಗುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರು. ಆ ನೊಣಗಳಲ್ಲಿ ಕೆಟ್ಟಿರುವುದು ನರಕೋಶಗಳ ಸಂವಹನಕ್ಕೆ ಬೇಕಾದ ಎನ್‌ಎಸ್‌ಎಫ್ ಎಂಬ ಪ್ರೋಟೀನಿನ ವಂಶವಾಹಿ ಎಂಬುದು 1995ರಲ್ಲಿ ತಿಳಿಯಿತು, ಎರಡನೆಯ ಹೆಸರು ಆ ದಾರಿಯಿಂದ ಬಂದದ್ದು. ಇಂಥ ಗಂಟುಗಳನ್ನು ಬಿಡಿಸಿಕೊಳ್ಳಲು ಇರುವ ದತ್ತಸಂಚಯವೇ ಫ್ಲೈಬೇಸ್. ಅದನ್ನು ಹೇಗೆ ಬಳಸಬೇಕು ಎಂಬುದನ್ನು ಇದೇ ಕೊಮಾಟೋಸ್ ವಂಶವಾಹಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಫ್ಲೈಬೇಸ್ 1992ರಲ್ಲಿ ಆರಂಭವಾಯಿತು. ಅಮೆರಿಕದ ಹಾರ್ವರ್ಡ್ ಮತ್ತು ಇಂಡಿಯಾನಾ ವಿಶ್ವವಿದ್ಯಾಲಯಗಳು, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯ ಇದರ ಮುಖ್ಯ ನೆಲೆಗಳು. ಫ್ಲೈಬೇಸ್ ಡಾಟ್ ಆರ್ಗ್ ಎಂಬ ವಿಳಾಸದಲ್ಲಿ, ಹೆಸರು ನೋಂದಾಯಿಸದೆ, ಯಾರು ಬೇಕಾದರೂ ನೋಡಬಹುದು. ಇದನ್ನು ಡಿಎನ್‌ಎ ಅನುಕ್ರಮಗಳ ಉಗ್ರಾಣವೆಂದು ಮಾತ್ರ ತಿಳಿಯಬಾರದು. ಕ್ಯುರೇಟರ್ ಎಂದು ಕರೆಯಲಾಗುವ ವಿಜ್ಞಾನಿ-ಸಂಪಾದಕರು ಪ್ರಕಟಿತ ಪ್ರಬಂಧಗಳನ್ನು ಓದಿ, ಅವುಗಳಲ್ಲಿರುವ ವಂಶವಾಹಿ, ಉತ್ಪರಿವರ್ತನೆ, ಲಕ್ಷಣ ಮುಂತಾದವನ್ನು ನಿಗದಿತ ಪದಗಳಲ್ಲಿ ಬರೆದಿಡುತ್ತಾರೆ. ಹಾಗಾಗಿ ಇಲ್ಲಿ ಕಾಣುವ ಪ್ರತಿಯೊಂದು ಸಾಲೂ ಯಾರೋ ಒಬ್ಬರು ಯಾವುದೋ ಆಧಾರದ ಮೇಲೆ ಹೇಳಿದ ಹೇಳಿಕೆ. ಆ ಆಧಾರ ಯಾವುದೆಂದು ನೋಡುವ ಅಭ್ಯಾಸವನ್ನು ಮೊದಲ ದಿನವೇ ಬೆಳೆಸಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಉಳಿದದ್ದೆಲ್ಲ ಗುಂಡಿಗಳನ್ನು ಒತ್ತುವ ಕೆಲಸ.

ಹುಡುಕಾಟ ಮತ್ತು ಹೆಸರುಗಳ ಗೋಜಲು

ಮುಖಪುಟದಲ್ಲಿ ಎರಡು ಬಗೆಯ ಹುಡುಕಾಟಗಳಿವೆ. ಮೇಲ್ಪಟ್ಟಿಯಲ್ಲಿರುವ ‘ಜಂಪ್ ಟು ಜೀನ್’ ಎಂಬ ಸಣ್ಣ ಚೌಕಕ್ಕೆ ವಂಶವಾಹಿಯ ಸರಿಯಾದ ಚಿಹ್ನೆಯನ್ನೋ ಗುರುತುಸಂಖ್ಯೆಯನ್ನೋ ಕೊಟ್ಟರೆ ನೇರವಾಗಿ ಅದರ ಪುಟಕ್ಕೆ ಕರೆದೊಯ್ಯುತ್ತದೆ. ನಡುವೆ ಇರುವ ‘ಕ್ವಿಕ್‌ಸರ್ಚ್’ ಇನ್ನೂ ವಿಶಾಲವಾದದ್ದು. ಅದರ ಬೇರೆಬೇರೆ ಪಟ್ಟಿಗಳಲ್ಲಿ ವಂಶವಾಹಿ, ಪ್ರಬಂಧ, ಲಕ್ಷಣ, ಮಾನವ ರೋಗ, ಪ್ರೋಟೀನಿನ ಕಾರ್ಯ ಇತ್ಯಾದಿ ದಾರಿಗಳಿಂದ ಹುಡುಕಬಹುದು. ಹೆಸರು ಖಚಿತವಾಗಿ ಗೊತ್ತಿಲ್ಲದಿದ್ದರೆ ಪದದ ಕೊನೆಗೆ ನಕ್ಷತ್ರ ಚಿಹ್ನೆ ಸೇರಿಸಿ ಕ್ವಿಕ್‌ಸರ್ಚ್‌ನಲ್ಲಿ ಹುಡುಕುವುದು ಮೇಲು. ಡಿಎನ್‌ಎಸ್‌ಎಫ್1 ಎಂದು ಹುಡುಕಿದರೂ ನೀವು ಕೊಮಾಟೋಸ್ ಪುಟಕ್ಕೇ ಬರುತ್ತೀರಿ, ಏಕೆಂದರೆ ಒಂದು ವಂಶವಾಹಿಗೆ ಪ್ರಬಂಧಗಳಲ್ಲಿ ಬಳಕೆಯಾಗಿರುವ ಇತರ ಹೆಸರುಗಳನ್ನೂ ಪರ್ಯಾಯನಾಮಗಳಾಗಿ ಅಲ್ಲಿ ಸಂಗ್ರಹಿಸಿಟ್ಟಿರುತ್ತಾರೆ.

ಹಣ್ಣುನೊಣದ ವಂಶವಾಹಿಗಳಿಗೆ ಹೆಸರಿಡುವ ಸಂಪ್ರದಾಯ ತಿಳಿಯದಿದ್ದರೆ ಇಲ್ಲಿಯೇ ಎಡವುವುದು ಖಚಿತ. ವಂಶವಾಹಿ ಕೆಟ್ಟಾಗ ನೊಣ ಹೇಗೆ ಕಾಣುತ್ತದೋ ಹೇಗೆ ವರ್ತಿಸುತ್ತದೋ ಅದರಿಂದಲೇ ಸಾಮಾನ್ಯವಾಗಿ ಹೆಸರು ಬರುತ್ತದೆ. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಕಂಡ ಬಿಳಿಗಣ್ಣಿನ ನೊಣದಿಂದ ಹೆಸರು ಪಡೆದ ‘ವೈಟ್’ ವಂಶವಾಹಿಯ ನಿಜವಾದ ಕೆಲಸ ಕಣ್ಣಿಗೆ ಕೆಂಪು ಬಣ್ಣ ಬರಲು ನೆರವಾಗುವುದು. ಹೆಸರು ನೋಡಿ ಕೆಲಸವನ್ನು ಊಹಿಸಿದರೆ ತಲೆಕೆಳಗಾಗುತ್ತದೆ. ಮೊದಲು ಸಿಕ್ಕ ಉತ್ಪರಿವರ್ತನೆ ಅಪ್ರಬಲವಾಗಿದ್ದರೆ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರದಿಂದಲೂ, ಪ್ರಬಲವಾಗಿದ್ದರೆ ದೊಡ್ಡ ಅಕ್ಷರದಿಂದಲೂ ಆರಂಭಿಸುವುದು ರೂಢಿ. ಇದು ಬರೀ ಅಂದಕ್ಕಾಗಿ ಮಾಡಿದ ವ್ಯವಸ್ಥೆಯಲ್ಲ. ‘ಡಿಎಲ್’ ಎಂಬ ಚಿಹ್ನೆಯನ್ನೇ ನೋಡಿ: ಎರಡೂ ಸಣ್ಣ ಅಕ್ಷರಗಳಾದರೆ ಅದು ಭ್ರೂಣದ ಬೆನ್ನು-ಹೊಟ್ಟೆಯ ದಿಕ್ಕನ್ನು ನಿರ್ಧರಿಸುವ ‘ಡಾರ್ಸಲ್’, ಡಿ ಮಾತ್ರ ದೊಡ್ಡಕ್ಷರವಾದರೆ, ಅಕ್ಕಪಕ್ಕದ ಕೋಶಗಳು ಪರಸ್ಪರ ಸಂದೇಶ ಕಳುಹಿಸುವ ನಾಚ್ ಸಂಕೇತಮಾರ್ಗದ ‘ಡೆಲ್ಟಾ’. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಪಟ್ಟಿಯಲ್ಲಿರುವ ಹೆಸರುಗಳನ್ನೆಲ್ಲ ಒಂದೇ ಗುಂಡಿಯಲ್ಲಿ ದೊಡ್ಡಕ್ಷರಕ್ಕೆ ತಿರುಗಿಸುವ ಕಂಪ್ಯೂಟರ್ ಪ್ರೋಗ್ರಾಮುಗಳು ಈ ಎರಡನ್ನು ಒಂದು ಮಾಡಿಬಿಡುತ್ತವೆ. ಪ್ರಬಂಧದ ಪೂರಕ ಕೋಷ್ಟಕಗಳಿಂದ ಹೆಸರುಗಳನ್ನು ಎತ್ತಿಕೊಳ್ಳುವಾಗ ಇದನ್ನು ನೆನಪಿಡಬೇಕು.

ಆದ್ದರಿಂದ ಪುಟ ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಮೇಲ್ಭಾಗದಲ್ಲಿರುವ ಗುರುತುಸಂಖ್ಯೆಯನ್ನು ಟಿಪ್ಪಣಿ ಪುಸ್ತಕಕ್ಕೆ ಬರೆದುಕೊಳ್ಳುವುದು. ವಂಶವಾಹಿಯ ಗುರುತುಸಂಖ್ಯೆ ‘ಎಫ್‌ಬಿಜಿಎನ್’ ಎಂಬ ಅಕ್ಷರಗಳಿಂದ ಆರಂಭವಾಗಿ ಏಳು ಅಂಕಿಗಳಲ್ಲಿ ಮುಗಿಯುತ್ತದೆ. ಉದಾಹರಣೆಗೆ ವೈಟ್ ವಂಶವಾಹಿಯದು ಎಫ್‌ಬಿಜಿಎನ್0003996. ಇದೇ ರೀತಿ ಎಫ್‌ಬಿಎಎಲ್ ಎಂದರೆ ಅಲೀಲ್ (ಒಂದು ವಂಶವಾಹಿಯ ಬೇರೆಬೇರೆ ರೂಪಗಳಲ್ಲೊಂದು), ಎಫ್‌ಬಿಟಿಆರ್ ಎಂದರೆ ಆರ್‌ಎನ್‌ಎ ಪ್ರತಿ, ಎಫ್‌ಬಿಪಿಪಿ ಎಂದರೆ ಪ್ರೋಟೀನ್, ಎಫ್‌ಬಿಎಸ್‌ಟಿ ಎಂದರೆ ಜೀವಂತ ನೊಣದ ತಳಿ, ಎಫ್‌ಬಿಆರ್‌ಎಫ್ ಎಂದರೆ ಪ್ರಬಂಧ. ಇದರ ಜೊತೆಗೆ ‘ಸಿಜಿ’ ಅಕ್ಷರಗಳಿರುವ ಇನ್ನೊಂದು ಸಂಖ್ಯೆಯೂ ಕಾಣುತ್ತದೆ, ವೈಟ್‌ನದು ಸಿಜಿ2759. ಅದು ಜೀನೋಮಿನ ಮೇಲೆ ಗುರುತಿಸಿದ ವಂಶವಾಹಿಯ ವಿನ್ಯಾಸಕ್ಕೆ ಕೊಟ್ಟ ಸಂಖ್ಯೆ. ಯಾರೂ ಇನ್ನೂ ಅಧ್ಯಯನ ಮಾಡದ, ಹೆಸರಿಲ್ಲದ ವಂಶವಾಹಿಗಳಿಗೆ ಅದೇ ಹೆಸರಾಗಿ ಉಳಿದಿರುತ್ತದೆ.

ಗುರುತುಸಂಖ್ಯೆಯೂ ಶಾಶ್ವತವಲ್ಲ ಎಂಬುದು ಬಹಳ ಮಂದಿಗೆ ತಡವಾಗಿ ತಿಳಿಯುತ್ತದೆ. ಎರಡೆಂದು ಭಾವಿಸಿದ್ದ ವಂಶವಾಹಿಗಳು ಒಂದೇ ಎಂದು ತಿಳಿದಾಗ, ಅಥವಾ ಒಂದೆಂದುಕೊಂಡದ್ದು ಎರಡಾದಾಗ, ಹೊಸ ಸಂಖ್ಯೆ ಕೊಡುತ್ತಾರೆ, ಹಳೆಯದು ಪುಟದ ಕೊನೆಯಲ್ಲಿ ಉಪಸಂಖ್ಯೆಯಾಗಿ ಸೇರಿಕೊಳ್ಳುತ್ತದೆ. ನರಕೋಶಗಳ ಸೋಡಿಯಂ ನಾಳವನ್ನು ರೂಪಿಸುವ ‘ಪ್ಯಾರಾ’ ವಂಶವಾಹಿಯ ಸಂಖ್ಯೆ ಹೀಗೆ ಬದಲಾಗಿದೆ. ಹಳೆಯ ಪ್ರಬಂಧದಿಂದ ನೂರಾರು ಸಂಖ್ಯೆಗಳ ಪಟ್ಟಿ ಸಿಕ್ಕಿದ್ದರೆ ಅದನ್ನು ನೇರವಾಗಿ ಬಳಸದೆ, ‘ಐಡಿ ವ್ಯಾಲಿಡೇಟರ್’ ಎಂಬ ಸಾಧನಕ್ಕೆ ಹಾಕಿ, ಈಗಿನ ಸಂಖ್ಯೆಗಳಿಗೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು. ಒಂದು ಹಳೆಯ ಸಂಖ್ಯೆಗೆ ಎರಡು ಹೊಸ ಸಂಖ್ಯೆಗಳು ಬಂದ ಸಾಲುಗಳನ್ನು ಕೈಯಿಂದಲೇ ಪರಿಶೀಲಿಸಿ. ಅವುಗಳ ಸಂಖ್ಯೆ ಕಡಿಮೆಯೇ ಇರುತ್ತದೆ. ಅದರ ಜೊತೆಗೆ ಬಿಡುಗಡೆಯ ಹೆಸರನ್ನೂ ಬರೆದುಕೊಳ್ಳಿ. ಫ್ಲೈಬೇಸ್ ವರ್ಷದಲ್ಲಿ ಹಲವು ಬಾರಿ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುತ್ತದೆ. ಇಸವಿ ಮತ್ತು ಆ ವರ್ಷದ ಕ್ರಮಾಂಕ ಸೇರಿ ಅದರ ಹೆಸರಾಗುತ್ತದೆ.

ವಂಶವಾಹಿಯ ಪುಟವನ್ನು ಓದುವುದು

ಕೊಮಾಟೋಸ್ ಪುಟ ಉದ್ದವಾಗಿದೆ, ಹಲವು ಭಾಗಗಳನ್ನು ಮಡಚಿಟ್ಟಿದ್ದಾರೆ. ಮೇಲಿರುವ ‘ಜೀನ್ ಸ್ನ್ಯಾಪ್‌ಶಾಟ್’ ಎಂಬ ಪುಟ್ಟ ಸಾರಾಂಶವನ್ನು ಮೊದಲು ಓದಿ. ಆ ವಂಶವಾಹಿಯನ್ನು ಬಲ್ಲ ಸಂಶೋಧಕರ ನೆರವಿನಿಂದ ಸಿದ್ಧವಾಗುವ ಈ ಒಂದೆರಡು ವಾಕ್ಯಗಳು ಹೊಸಬರಿಗೆ ಒಳ್ಳೆಯ ಆಸರೆ. ಎಲ್ಲ ವಂಶವಾಹಿಗಳಿಗೂ ಇದು ಇರುವುದಿಲ್ಲ.

ಅನಂತರದ ‘ಫಂಕ್ಷನ್’ ಭಾಗದಲ್ಲಿ ನಿಧಾನಿಸಬೇಕು. ಪ್ರೋಟೀನಿನ ಕಾರ್ಯವನ್ನು ಇಲ್ಲಿ ಜೀನ್ ಆಂಟಾಲಜಿಯ ಪದಗಳಲ್ಲಿ ಕೊಟ್ಟಿರುತ್ತಾರೆ. ನೊಣ, ಇಲಿ ಮತ್ತು ಯೀಸ್ಟ್ ದತ್ತಸಂಚಯಗಳನ್ನು ನಡೆಸುತ್ತಿದ್ದವರು 1998ರಲ್ಲಿ ಒಟ್ಟಾಗಿ ಆರಂಭಿಸಿದ ಈ ಪದವ್ಯವಸ್ಥೆಯಿಂದಾಗಿ ಬೇರೆಬೇರೆ ಜೀವಿಗಳ ವಂಶವಾಹಿಗಳನ್ನು ಒಂದೇ ಭಾಷೆಯಲ್ಲಿ ಹೋಲಿಸುವುದು ಸಾಧ್ಯವಾಯಿತು. ಪ್ರತಿಯೊಂದು ಪದದ ಪಕ್ಕದಲ್ಲಿ ಅದು ಯಾವ ಬಗೆಯ ಸಾಕ್ಷ್ಯದಿಂದ ಬಂದದ್ದೆಂದು ತಿಳಿಸುವ ಸಂಕೇತ ಇರುತ್ತದೆ. ‘ಐಡಿಎ’ ಎಂದಿದ್ದರೆ ಯಾರೋ ನೇರ ಪ್ರಯೋಗದಿಂದ ಅಳೆದು ನೋಡಿದ್ದಾರೆ. ‘ಐಎಂಪಿ’ ಎಂದಿದ್ದರೆ ಉತ್ಪರಿವರ್ತನೆಯ ಲಕ್ಷಣದಿಂದ ತೀರ್ಮಾನಿಸಿದ್ದಾರೆ. ‘ಐಎಸ್‌ಎಸ್’ ಎಂದಿದ್ದರೆ ಬೇರೊಂದು ವಂಶವಾಹಿಯೊಂದಿಗಿನ ಅನುಕ್ರಮದ ಹೋಲಿಕೆಯೇ ಆಧಾರ. ‘ಐಬಿಎ’ ಎಂದರೆ ವಿಕಾಸವೃಕ್ಷದಲ್ಲಿ ಪೂರ್ವಜ ವಂಶವಾಹಿಗೆ ಇದ್ದಿರಬಹುದಾದ ಕಾರ್ಯದಿಂದ ಇಳಿದು ಬಂದ ಊಹೆ. ‘ಐಇಎ’ ಎಂದರೆ ಯಾವ ಮನುಷ್ಯನೂ ಬಿಡಿಬಿಡಿಯಾಗಿ ಪರಿಶೀಲಿಸದೆ ಕಂಪ್ಯೂಟರ್ ಹಚ್ಚಿದ ಚೀಟಿ. ನೇರ ಪ್ರಯೋಗದ ಮಾತನ್ನೂ ಯಾಂತ್ರಿಕ ಊಹೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ‘ಈ ವಂಶವಾಹಿ ಇಂಥ ಕೆಲಸ ಮಾಡುತ್ತದೆಂದು ಗೊತ್ತಿದೆ’ ಎಂದು ಬರೆದಿರುವ ಪ್ರಬಂಧಗಳು ಕಡಿಮೆಯಿಲ್ಲ. ‘ಎನ್‌ಡಿ’ ಎಂಬ ಸಂಕೇತವೂ ಉಪಯುಕ್ತವೇ: ಹುಡುಕಿ ನೋಡಿದ್ದೇವೆ, ಮಾಹಿತಿ ಸಿಗಲಿಲ್ಲ ಎಂದು ಸಂಪಾದಕರು ಪ್ರಾಮಾಣಿಕವಾಗಿ ಹೇಳಿರುವುದು. ಇನ್ನು ಕೆಲವು ಸಾಲುಗಳಲ್ಲಿ ‘ನಾಟ್’ ಎಂಬ ವಿಶೇಷಣ ಇರುತ್ತದೆ. ಅಂದರೆ, ಈ ಕಾರ್ಯ ಇರಬಹುದೆಂದು ನಿರೀಕ್ಷಿಸಿದ್ದರು, ಆದರೆ ಪ್ರಯೋಗದಲ್ಲಿ ಇಲ್ಲವೆಂದು ಕಂಡುಬಂದಿದೆ. ಜೀನ್ ಆಂಟಾಲಜಿಯ ಕಡತವನ್ನು ಇಳಿಸಿಕೊಂಡು ಎಣಿಕೆ ಮಾಡುವವರು ಆ ಕಾಲಮನ್ನು ಮರೆತರೆ ‘ಇಲ್ಲ’ ಎಂಬುದನ್ನು ‘ಇದೆ’ ಎಂದು ಎಣಿಸಿಬಿಡುತ್ತಾರೆ.

ಅಭಿವ್ಯಕ್ತಿಯ ಭಾಗದಲ್ಲಿ ಯಾವ ಅಂಗದಲ್ಲಿ, ಬೆಳವಣಿಗೆಯ ಯಾವ ಹಂತದಲ್ಲಿ ವಂಶವಾಹಿ ಎಷ್ಟು ಕ್ರಿಯಾಶೀಲವಾಗಿದೆ ಎಂಬುದರ ಸ್ತಂಭಚಿತ್ರಗಳಿವೆ. ಇವು ದೊಡ್ಡ ಪ್ರಮಾಣದ ಆರ್‌ಎನ್‌ಎ ಅಳತೆಗಳಿಂದ ಬಂದವು. ಇಡೀ ತಲೆಯನ್ನು ಅರೆದು ಅಳೆದ ಅಂಕಿಯಿಂದ ಒಂದು ನರಕೋಶದ ವಿಚಾರ ಹೇಳಲಾಗದು ಎಂಬುದಷ್ಟೇ ಇಲ್ಲಿ ಬೇಕಾದ ಎಚ್ಚರ. ಪ್ರೈಮರ್ (ಡಿಎನ್‌ಎ ನಕಲು ಮಾಡಲು ಆರಂಭಬಿಂದುವಾಗುವ ಪುಟ್ಟ ತುಣುಕು) ಅಥವಾ ಆರ್‌ಎನ್‌ಎಐ (ಆರ್‌ಎನ್‌ಎ ಪ್ರತಿಯನ್ನು ನಾಶಮಾಡಿ ವಂಶವಾಹಿಯನ್ನು ಅಡಗಿಸುವ ತಂತ್ರ) ವಿನ್ಯಾಸ ಮಾಡುವವರು ಮಾತ್ರ ಆರ್‌ಎನ್‌ಎ ಪ್ರತಿಗಳ ಪಟ್ಟಿಯನ್ನು ಬಿಡದೆ ನೋಡಬೇಕು. ಪ್ರತಿಗಳಿಗೆ ಆರ್‌ಎ, ಆರ್‌ಬಿ ಎಂದು, ಅವುಗಳ ಪ್ರೋಟೀನುಗಳಿಗೆ ಪಿಎ, ಪಿಬಿ ಎಂದು ಅನುಕ್ರಮವಾಗಿ ಹೆಸರುಗಳಿರುತ್ತವೆ. ನಿಮ್ಮ ಪ್ರೈಮರ್ ಎಲ್ಲ ಪ್ರತಿಗಳಲ್ಲೂ ಇರುವ ತುಂಡಿಗೆ ಅಂಟುತ್ತದೆಯೇ, ಒಂದೆರಡಕ್ಕೆ ಮಾತ್ರವೇ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಡಿಎಸ್‌ಕ್ಯಾಮ್1 ಎಂಬ ಒಂದೇ ವಂಶವಾಹಿಯ ತುಂಡುಗಳನ್ನು ಜೋಡಿಸುವ ಬಗೆಯಿಂದ 38,016 ಪ್ರತಿಗಳು ಸಾಧ್ಯ ಎಂದರೆ ಈ ಎಚ್ಚರಿಕೆ ಏಕೆಂದು ತಿಳಿಯುತ್ತದೆ.

ಅಲೀಲ್‌ನಿಂದ ಜೀವಂತ ನೊಣದವರೆಗೆ

ಹೆಚ್ಚಿನವರು ಫ್ಲೈಬೇಸ್‌ಗೆ ಬರುವುದೇ ಪ್ರಯೋಗಕ್ಕೆ ಬೇಕಾದ ನೊಣ ಎಲ್ಲಿ ಸಿಗುತ್ತದೆಂದು ನೋಡಲು. ಅಲೀಲುಗಳ ಪಟ್ಟಿಯನ್ನು ತೆರೆದರೆ ಪ್ರತಿಯೊಂದರ ಹೆಸರು, ಅದು ವಂಶವಾಹಿಯನ್ನು ಪೂರ್ತಿ ಕೆಡಿಸುತ್ತದೆಯೇ ಭಾಗಶಃವೇ, ಯಾವ ಲಕ್ಷಣ ಕಂಡಿದೆ, ಯಾವ ಪ್ರಬಂಧದಲ್ಲಿ ಎಂಬ ವಿವರಗಳು ಸಿಗುತ್ತವೆ. ಮುದ್ರಿತ ಪ್ರಬಂಧದಲ್ಲಿ ಮೇಲ್ಬರಹವಾಗಿ ಕಾಣುವ ಅಲೀಲ್ ಚಿಹ್ನೆಯನ್ನು ಹುಡುಕಾಟದಲ್ಲಿ ಚೌಕ ಆವರಣದೊಳಗೆ ಟೈಪ್ ಮಾಡಬೇಕು.

ಇಲ್ಲಿಯೂ ಹೆಸರಿನ ಸಮಸ್ಯೆ ಬೆನ್ನು ಬಿಡುವುದಿಲ್ಲ. ಉಷ್ಣಾಂಶ ಏರಿದಾಗ ನೊಣವನ್ನು ನಿಶ್ಚಲಗೊಳಿಸುವ ಇನ್ನೊಂದು ಪ್ರಸಿದ್ಧ ವಂಶವಾಹಿ ‘ಶಿಬಿರೆ’. ನಮ್ಮ ಶಿಬಿರಕ್ಕೂ ಇದಕ್ಕೂ ಸಂಬಂಧವಿಲ್ಲ. ಜಪಾನಿ ಭಾಷೆಯಲ್ಲಿ ಮರಗಟ್ಟುವಿಕೆ ಎಂದರ್ಥ, ಕೆನಡಾದ ಡೇವಿಡ್ ಸುಜುಕಿಯವರ ಪ್ರಯೋಗಾಲಯದಿಂದ ಬಂದ ಹೆಸರು. ಇದರ ಅತಿ ಬಳಕೆಯ ಅಲೀಲನ್ನು ಪ್ರಬಂಧಗಳೆಲ್ಲ ‘ಟಿಎಸ್1’ ಎಂದು ಬರೆಯುತ್ತವೆ, ಫ್ಲೈಬೇಸ್‌ನಲ್ಲಿ ಅದರ ಅಧಿಕೃತ ಹೆಸರು ಬರಿಯ ‘1’. ಮೇಲಾಗಿ, ಅದೇ ಉತ್ಪರಿವರ್ತನೆಯನ್ನು ಹೊತ್ತ, ಬೇಕಾದ ನರಕೋಶಗಳಲ್ಲಿ ಮಾತ್ರ ಚಾಲೂ ಮಾಡಬಹುದಾದ ಕೃತಕ ರಚನೆಯನ್ನೂ ಜನ ಆಡುಮಾತಿನಲ್ಲಿ ಅದೇ ಹೆಸರಿನಿಂದ ಕರೆಯುತ್ತಾರೆ. ಮೊದಲನೆಯದು ಎಕ್ಸ್ ವರ್ಣತಂತುವಿನ ಸ್ವಂತ ವಂಶವಾಹಿಯಲ್ಲಿ ಆದ ಬದಲಾವಣೆ, ಎರಡನೆಯದು ಹೊರಗಿನಿಂದ ಸೇರಿಸಿದ್ದು. ಒಂದನ್ನು ಬಯಸಿ ಇನ್ನೊಂದನ್ನು ತರಿಸಿಕೊಂಡರೆ ಹಲವು ವಾರಗಳ ಸಂಕರಣ ವ್ಯರ್ಥವಾಗುತ್ತದೆ. ಪುಟದಲ್ಲಿ ಅಲೀಲ್‌ನ ವರ್ಗ ಯಾವುದೆಂದು ನೋಡದೆ ಯಾವ ತಳಿಯನ್ನೂ ಕೇಳಬಾರದು.

ತಳಿಯ ಪುಟದಲ್ಲಿ ಅದನ್ನು ಇಟ್ಟಿರುವ ಸಂಗ್ರಹಾಲಯದ ಕೊಂಡಿ ಇರುತ್ತದೆ. ಇಂಡಿಯಾನಾದ ಬ್ಲೂಮಿಂಗ್ಟನ್ ಕೇಂದ್ರ 70 ಸಾವಿರಕ್ಕೂ ಹೆಚ್ಚು ತಳಿಗಳನ್ನು ಸಾಕುತ್ತದೆ. ವಿಯೆನ್ನಾದ ಕೇಂದ್ರ ಆರ್‌ಎನ್‌ಎಐ ತಳಿಗಳಿಗೆ ಹೆಸರಾದದ್ದು. ಜಪಾನಿನ ಕ್ಯೋಟೋದಲ್ಲಿಯೂ ದೊಡ್ಡ ಸಂಗ್ರಹವಿದೆ. ಭಾರತದಲ್ಲಿರುವವರಿಗೆ ವಿದೇಶದಿಂದ ಜೀವಂತ ನೊಣ ತರಿಸುವುದೆಂದರೆ ಆಮದು ಪರವಾನಗಿಯ ಕಾಗದಪತ್ರ, ಸಾಗಣೆಯ ದಿನಗಳು, ದಾರಿಯಲ್ಲಿ ಬಿಸಿಲಿಗೆ ಸಾಯುವ ಸೀಸೆಗಳು, ಇವೆಲ್ಲವೂ ಸೇರಿದ ವ್ಯವಹಾರ. ಹಾಗಾಗಿ ತಳಿಯ ಸಂಖ್ಯೆ ಸಿಕ್ಕೊಡನೆ ಅದು ಇಲ್ಲಿಯೇ ಯಾರ ಬಳಿಯಾದರೂ ಇದೆಯೇ ಎಂದು ವಿಚಾರಿಸಿ. ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಆವರಣದ ನೊಣ ಸೌಲಭ್ಯ ಕೇಂದ್ರವಿದೆ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿ ಸಂಗ್ರಹ ಕೇಂದ್ರವಿದೆ. ವಿಚಾರಿಸುವಾಗ ಹೆಸರಿನ ಜೊತೆಗೆ ತಳಿಯ ಸಂಖ್ಯೆಯನ್ನೂ ತಪ್ಪದೆ ಕೊಡಿ.

ಮನುಷ್ಯನ ವಂಶವಾಹಿಗೆ ಸೇತುವೆ

ಮಾನವ ರೋಗವೊಂದರಿಂದ ಹೊರಟು ನೊಣಕ್ಕೆ ಬರುವವರು ‘ಆರ್ಥೊಲಾಗ್’ ಭಾಗವನ್ನು ನೋಡುತ್ತಾರೆ. ಒಂದೇ ಪೂರ್ವಜ ವಂಶವಾಹಿಯಿಂದ ಬೇರೆಬೇರೆ ಜೀವಿಗಳಲ್ಲಿ ಉಳಿದು ಬಂದವುಗಳನ್ನು ಹೀಗೆನ್ನುತ್ತಾರೆ. ಫ್ಲೈಬೇಸ್ ಇಲ್ಲಿ ಡಿಯಾಪ್ಟ್ ಎಂಬ ಸಾಧನದ ಫಲಿತಾಂಶವನ್ನು ತೋರಿಸುತ್ತದೆ. ಹಲವು ಲೆಕ್ಕಾಚಾರ ವಿಧಾನಗಳಲ್ಲಿ ಎಷ್ಟು ವಿಧಾನಗಳು ಆ ಜೋಡಿಯನ್ನು ಒಪ್ಪುತ್ತವೆ ಎಂಬುದೇ ಅದರ ಅಂಕ. ಅಂಕ ಹೆಚ್ಚಿದ್ದರೆ ಸಾಲದು, ಉಲ್ಟಾ ದಿಕ್ಕಿನಿಂದಲೂ ನೋಡಬೇಕು. ಕೊಮಾಟೋಸ್‌ಗೆ ಸಮನಾದ ಮಾನವ ವಂಶವಾಹಿ ಎನ್‌ಎಸ್‌ಎಫ್. ಆದರೆ ಮಾನವನ ಎನ್‌ಎಸ್‌ಎಫ್‌ನಿಂದ ಹಿಂದಿರುಗಿ ನೋಡಿದರೆ ನೊಣದಲ್ಲಿ ಎನ್‌ಎಸ್‌ಎಫ್2 ಎಂಬ ಎರಡನೆಯದೂ ಇದೆ. ಒಂದನ್ನು ಕೆಡಿಸಿದಾಗ ಇನ್ನೊಂದು ಅದರ ಕೆಲಸವನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುವ ಸಾಧ್ಯತೆಯನ್ನು ಪ್ರಯೋಗದ ಯೋಜನೆಯಲ್ಲೇ ಸೇರಿಸಿಕೊಳ್ಳಬೇಕು. ಕಣ್ಣಿನ ಬೆಳವಣಿಗೆಯ ಪ್ಯಾಕ್ಸ್6 ವಂಶವಾಹಿಯದೂ ಇದೇ ಕಥೆ: ಮನುಷ್ಯನಲ್ಲಿ ಒಂದು, ನೊಣದಲ್ಲಿ ‘ಐಲೆಸ್’ ಮತ್ತು ‘ಟ್ವಿನ್ ಆಫ್ ಐಲೆಸ್’ ಎಂಬ ಎರಡು.

ಬೇರೆ ಜೀವಿಗಳನ್ನೂ ಹೋಲಿಸಬೇಕಾದರೆ ಅಲಯನ್ಸ್ ಆಫ್ ಜೀನೋಮ್ ರಿಸೋರ್ಸಸ್ ಎಂಬ ಒಕ್ಕೂಟದ ತಾಣಕ್ಕೆ ಹೋಗುವುದು ಸುಲಭ. 2016ರಲ್ಲಿ ರೂಪುಗೊಂಡ ಇದರಲ್ಲಿ ನೊಣ, ಹುಳು, ಯೀಸ್ಟ್, ಜೀಬ್ರಾಮೀನು, ಇಲಿ, ಹೆಗ್ಗಣಗಳ ದತ್ತಸಂಚಯಗಳು ಒಂದೇ ವಿನ್ಯಾಸದ ಪುಟದಲ್ಲಿ ಸಿಗುತ್ತವೆ, ಕಪ್ಪೆಯ ದತ್ತಸಂಚಯ ಆಮೇಲೆ ಸೇರಿತು. ಆಳವಾದ ವಿವರ ಬೇಕಾದಾಗ ಆಯಾ ಜೀವಿಯ ತಾಣವೇ ಗತಿ. ಸಸ್ಯಗಳ ಮಾದರಿಯಾದ ಅರಾಬಿಡಾಪ್ಸಿಸ್‌ನ ಟೇರ್ ತಾಣ ಸರ್ಕಾರಿ ಅನುದಾನ ನಿಂತ ಮೇಲೆ ಚಂದಾ ಪದ್ಧತಿಗೆ ಬಂದಿರುವುದರಿಂದ ನಿಮ್ಮ ಸಂಸ್ಥೆಯ ಗ್ರಂಥಾಲಯದಲ್ಲಿ ವಿಚಾರಿಸಬೇಕಾಗುತ್ತದೆ.

ಸ್ಥಾನಸಂಖ್ಯೆ, ಕಡತ, ಕೋಷ್ಟಕ

ಹಣ್ಣುನೊಣದ ಜೀನೋಮ್ ಅನುಕ್ರಮ 2000ನೆಯ ಇಸವಿಯ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅಂದಿನಿಂದ ಅದನ್ನು ಹಲವು ಬಾರಿ ತಿದ್ದಿದ್ದಾರೆ; ಈಗ ಬಳಕೆಯಲ್ಲಿರುವುದು ಆರನೆಯ ಆವೃತ್ತಿ. ಐದನೆಯ ಆವೃತ್ತಿಯ ಒಂದು ಸ್ಥಾನಸಂಖ್ಯೆ ಆರನೆಯದರಲ್ಲಿ ಬೇರೆಯೇ ಜಾಗವನ್ನು ಸೂಚಿಸಬಹುದು. ಬೇರೆ ತಾಣಗಳಲ್ಲಿ ಐದನೆಯದನ್ನು ‘ಡಿಎಂ3’ ಎಂದೂ ಆರನೆಯದನ್ನು ‘ಡಿಎಂ6’ ಎಂದೂ ಕರೆಯುವುದರಿಂದ ಗೊಂದಲ ಇನ್ನೂ ಹೆಚ್ಚು. ಹಳೆಯ ಸ್ಥಾನಗಳನ್ನು ಫ್ಲೈಬೇಸ್‌ನ ಸ್ಥಾನ ಪರಿವರ್ತಕದಿಂದ ಬದಲಿಸಿಕೊಂಡು, ಜೆಬ್ರೌಸ್ ಎಂಬ ಜೀನೋಮ್ ವೀಕ್ಷಕದಲ್ಲಿ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ನೊಣದಲ್ಲಿ ಒಂದು ವಂಶವಾಹಿಯ ಇಂಟ್ರಾನಿನೊಳಗೆ (ಆರ್‌ಎನ್‌ಎ ಪ್ರತಿಯಿಂದ ಕತ್ತರಿಸಿ ತೆಗೆಯಲಾಗುವ ತುಂಡಿನೊಳಗೆ) ಇನ್ನೊಂದು ಪೂರ್ತಿ ವಂಶವಾಹಿ ಅಡಗಿ ಕುಳಿತಿರುವುದು ಅಪರೂಪವಲ್ಲ. ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಎಂಬ ತಂತ್ರದಿಂದ ವಂಶವಾಹಿಯನ್ನು ಕೆಡಿಸಹೊರಟವರು ಆ ವೀಕ್ಷಕವನ್ನು ತೆರೆಯದಿದ್ದರೆ ಎರಡನ್ನೂ ಕತ್ತರಿಸಿಬಿಡಬಹುದು.

ನೂರಾರು ವಂಶವಾಹಿಗಳ ಮಾಹಿತಿ ಒಟ್ಟಿಗೆ ಬೇಕಾದಾಗ ‘ಬ್ಯಾಚ್ ಡೌನ್‌ಲೋಡ್’ ಬಳಸಿ, ಇಡೀ ಜೀನೋಮಿನದು ಬೇಕಾದರೆ ಸಿದ್ಧವಾಗಿಟ್ಟಿರುವ ಕಡತಗಳನ್ನೇ ಇಳಿಸಿಕೊಳ್ಳಿ. ಇಳಿಸಿದ ಕಡತವನ್ನು ಎಕ್ಸೆಲ್‌ನಲ್ಲಿ ಎರಡು ಬಾರಿ ಕ್ಲಿಕ್ ಮಾಡಿ ತೆರೆಯುವ ಅಭ್ಯಾಸ ಮಾತ್ರ ಬೇಡ. ‘ಸೆಪ್1’ ಎಂಬ ವಂಶವಾಹಿಯನ್ನು ಎಕ್ಸೆಲ್ ಸೆಪ್ಟೆಂಬರ್ ಒಂದನೆಯ ತಾರೀಕೆಂದು ತಿಳಿದು ತಿದ್ದಿಬಿಡುತ್ತದೆ. ಇದೇ ಕಾಟದಿಂದ ಮಾನವ ವಂಶವಾಹಿಗಳ ಹೆಸರಿಡುವ ಸಮಿತಿ 2020ರ ಹೊತ್ತಿಗೆ ಅಂಥ ಕೆಲವು ಹೆಸರುಗಳನ್ನೇ ಬದಲಿಸಬೇಕಾಯಿತು. ಆ ಕಾಲಮನ್ನು ಪಠ್ಯವೆಂದು ಮೊದಲೇ ಗುರುತಿಸಿ ಆಮದು ಮಾಡಿಕೊಳ್ಳಿ.

ಇಳಿಸಿದ ಕಡತವನ್ನು ಬಿಡುಗಡೆಯ ಹೆಸರಿನೊಂದಿಗೆ ನಿಮ್ಮಲ್ಲೇ ಕಾಪಿಟ್ಟುಕೊಳ್ಳುವುದು ಈಗ ಮೊದಲಿಗಿಂತ ಮುಖ್ಯ. 2025ರಲ್ಲಿ ಹಾರ್ವರ್ಡ್‌ಗೆ ಬರುತ್ತಿದ್ದ ಅಮೆರಿಕ ಸರ್ಕಾರದ ಅನುದಾನಗಳು ಕಡಿತವಾದಾಗ ಫ್ಲೈಬೇಸ್‌ಗೂ ಅದರ ಪೆಟ್ಟು ಬಿತ್ತು, ಸಂಪಾದಕ ಸಿಬ್ಬಂದಿಯಲ್ಲಿ ಕೆಲವರು ಕೆಲಸ ಕಳೆದುಕೊಂಡರು, ಬಳಕೆದಾರ ಪ್ರಯೋಗಾಲಯಗಳಿಂದಲೇ ದೇಣಿಗೆ ಕೇಳಬೇಕಾಯಿತು. ಓದುವ ಕೈಗಳು ಕಡಿಮೆಯಾದಾಗ ಹೊಸ ಪ್ರಬಂಧಗಳು ದತ್ತಸಂಚಯ ಸೇರುವುದು ತಡವಾಗುತ್ತದೆ. ಆದ್ದರಿಂದ ಪುಟದಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಆ ಪ್ರಯೋಗವನ್ನು ಯಾರೂ ಮಾಡಿಲ್ಲವೆಂದು ತಿಳಿಯದೆ, ಈಚಿನ ಒಂದೆರಡು ವರ್ಷಗಳ ಪ್ರಬಂಧಗಳನ್ನು ಪಬ್‌ಮೆಡ್ ಎಂಬ ಪ್ರಬಂಧಸೂಚಿಯಲ್ಲಿ ಬೇರೆಯಾಗಿ ಹುಡುಕಿ.

ನಿಮ್ಮದೇ ಪ್ರಬಂಧ ಪ್ರಕಟವಾದಾಗ ಅದರಲ್ಲಿರುವ ವಂಶವಾಹಿಗಳು ಯಾವುವು, ಯಾವ ಬಗೆಯ ಮಾಹಿತಿ ಇದೆ ಎಂಬುದನ್ನು ‘ಫಾಸ್ಟ್-ಟ್ರ್ಯಾಕ್ ಯುವರ್ ಪೇಪರ್’ ಎಂಬ ಅರ್ಜಿಯಲ್ಲಿ ತುಂಬಿ ಕಳುಹಿಸಬಹುದು. ಪುಟದಲ್ಲಿ ತಪ್ಪು ಕಂಡರೆ ಸಂಪರ್ಕ ಪುಟದ ಮೂಲಕ ಪ್ರಬಂಧದ ವಿವರದೊಂದಿಗೆ ಬರೆಯಿರಿ. ಪ್ರಬಂಧದ ವಿಧಾನ ಭಾಗದಲ್ಲಿ ಅಲೀಲ್‌ನ ಪೂರ್ಣ ಚಿಹ್ನೆ, ತಳಿಯ ಸಂಖ್ಯೆ, ಎಫ್‌ಬಿಜಿಎನ್ ಗುರುತು ಮತ್ತು ನೀವು ನೋಡಿದ ಬಿಡುಗಡೆಯ ಹೆಸರು, ಈ ನಾಲ್ಕನ್ನೂ ಕೊಟ್ಟಿದ್ದರೆ ಅದನ್ನು ಓದುವ ಸಂಪಾದಕರು ನೀವು ಬಳಸಿದ್ದು ಯಾವ ನೊಣವೆಂದು ಊಹಿಸುತ್ತ ಕೂರಬೇಕಾಗುವುದಿಲ್ಲ.